ಹಾಡುವವರಿಲ್ಲದ ಮೇಳ

ನಮ್ಮ ನಾಲ್ವರ ಗುಂಪಿಗೆ ಹೆಸರಿಲ್ಲ. ಇಡಬೇಕೆಂದು ಆಗಾಗ ಮಾತಾಡಿದ್ದೇವೆ. ಮಾತಾಡುತ್ತ ಟೀ ಆರಿಹೋಗುತ್ತದೆ, ಅಷ್ಟರಲ್ಲಿ ಯಾರಾದರೊಬ್ಬರಿಗೆ ಬಸ್ಸಿನ ಹೊತ್ತಾಗುತ್ತದೆ. ಒಮ್ಮೆ ಮಂಡ್ಯದ ಒಂದು ಶಾಲೆಯ ಸಮಾರಂಭದಲ್ಲಿ ನಿರೂಪಣೆ ಮಾಡುತ್ತಿದ್ದ ಮೇಷ್ಟರು ವೇದಿಕೆಯ ಪಕ್ಕಕ್ಕೆ ಬಂದು, "ನಿಮ್ಮನ್ನ ಏನೂಂತ ಕರೀಲಿ?" ಎಂದು ಕೇಳಿದರು. ನಮ್ಮಲ್ಲಿ ಹಿರಿಯರಾದ ಕ್ಲಾರಿನೆಟ್ಟಿನವರು, "ಮದ್ಲು ಆರ್ಕೆಸ್ಟ್ರಾದಲ್ಲಿದ್ದೋರು ಅಂತ ಅನ್ನಿ ಸಾ, ಸಾಕು" ಎಂದರು. ಮೇಷ್ಟರು ಮೈಕಿನಲ್ಲಿ ಅದನ್ನೇ ಹೇಳಿದರು. ತಕ್ಷಣ ಹಿಂದಿನ ಸಾಲಿನಿಂದ ಯಾರೋ ಒಂದು ಹೊಸ ಸಿನಿಮಾದ ಹಾಡು ಬೇಕೆಂದು ಕೂಗಿದರು.

ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಸಿನಿಮಾ ಹಾಡಿನ ತಂಡ. ಮದುವೆಯ ಆರತಕ್ಷತೆ, ಗಣೇಶನ ಪೆಂಡಾಲು, ರಾಜ್ಯೋತ್ಸವ, ಎಲ್ಲಕ್ಕೂ ಅದು ಬೇಕು. ನಾನು ಸೇರಿದಾಗ ಮಂಡ್ಯದ ನಮ್ಮ ತಂಡದಲ್ಲಿ ಮೂರು ಪಿಟೀಲುಗಳಿದ್ದವು. ನನ್ನ ಗುರುಗಳು ನಡುವೆ ಕೂರುತ್ತಿದ್ದರು, ಅವರ ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಅವರ ಮತ್ತೊಬ್ಬ ಶಿಷ್ಯ. ಕೆರಗೋಡಿನಲ್ಲಿ ಭತ್ತ, ಕಬ್ಬು ಬೆಳೆಯುತ್ತಿದ್ದ ನನ್ನ ತಂದೆಗೆ ಮಗಳು ಪಿಟೀಲು ಕಲಿಯಲಿ ಎಂದು ಯಾಕೆ ಅನ್ನಿಸಿತೋ, ನಾನು ಕೇಳಲೇ ಇಲ್ಲ. ಬಸ್ಸು ಹತ್ತಿಸಿ ಮಂಡ್ಯಕ್ಕೆ ಕಳಿಸುತ್ತಿದ್ದರು, ಅಷ್ಟೆ. ಮದುವೆಯಾಗಿ ಮಂಡ್ಯದಲ್ಲೇ ನೆಲೆಸಿದ ಮೇಲೆ ಗುರುಗಳು ಆರ್ಕೆಸ್ಟ್ರಾಕ್ಕೆ ಕರೆದರು. ನನ್ನ ಗಂಡ, "ಹೋಗು, ಆದ್ರೆ ಹಾಡಬೇಡ" ಎಂದರು. ಮುಂದೆ ನಿಂತು ಹಾಡುವ ಹೆಂಗಸರಿಗೆ ಜನ ಶಿಳ್ಳೆ ಹಾಕುತ್ತಿದ್ದರು. ಪಿಟೀಲು ಹಿಡಿದು ಹಿಂದೆ ಕೂತವಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ನನಗೂ ಅನುಕೂಲವೇ ಆಗಿತ್ತು.

ಆಮೇಲೆ ಕೀಬೋರ್ಡು ಬಂತು. ಒಂದು ಗುಂಡಿ ಒತ್ತಿದರೆ ಹಾಲ್ ತುಂಬ ಪಿಟೀಲು. ಗುರುಗಳು ಒಂದೆರಡು ಕಾರ್ಯಕ್ರಮ ನೋಡಿ, ಪೆಟ್ಟಿಗೆ ಮುಚ್ಚಿ, ಮನೆಯಲ್ಲಿ ಪಾಠ ಹೇಳಿಕೊಡುತ್ತ ಕೂತರು. ಅವರ ಇನ್ನೊಬ್ಬ ಶಿಷ್ಯ ಗುಂಪು ಬಿಟ್ಟು ಬೇರೆ ಉದ್ಯೋಗ ಹಿಡಿದ. ಪಿಟೀಲು ಕಂಡರೆ ಸ್ಟೇಜು ತುಂಬಿದಂತಿರುತ್ತದೆ ಎಂದು ಆರ್ಕೆಸ್ಟ್ರಾದ ಯಜಮಾನರು ನನ್ನನ್ನು ಉಳಿಸಿಕೊಂಡರು. ಅದಾದ ಕೆಲವು ವರ್ಷಕ್ಕೆ ಕೀಬೋರ್ಡಿನವನೂ ಬೇಡವಾದ. ಲ್ಯಾಪ್‌ಟಾಪಿನಲ್ಲಿ ಹಾಡಿನ ಟ್ರ್ಯಾಕ್ ಹಾಕಿದರೆ ಮೇಳವೆಲ್ಲ ಅದರಲ್ಲೇ ಸಿದ್ಧವಾಗಿ ಇರುತ್ತಿತ್ತು. ಹಾಡುವವರು ಮಾತ್ರ ನಿಜ, ಉಳಿದದ್ದೆಲ್ಲ ಪೆಟ್ಟಿಗೆಯೊಳಗಿಂದ.

ಯಜಮಾನರು ಕೆಟ್ಟವರಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳುವಾಗ ಅವರಿಗೇ ನಾಚಿಕೆಯಾಗಿತ್ತು. "ಅಕ್ಕಾ, ನೀವು ಬಾರ್ಸಿ. ಎಂದಿನಂಗೆ ಬಾರ್ಸಿ. ನಿಮ್ಗೆ ಮೈಕ್ ಮಾತ್ರ ಇರಕಿಲ್ಲ, ಅಷ್ಟೇಯ."

ಹಾಗೆ ನಾವು ನಾಲ್ವರು ಸದ್ದಿಲ್ಲದೆ ಉಳಿದೆವು. ಪಿಟೀಲು ನಾನು. ಕ್ಲಾರಿನೆಟ್ಟಿನವರು ಮಳವಳ್ಳಿಯವರು, ನನಗಿಂತ ಹಿರಿಯರು, ತಲೆಮಾರುಗಳಿಂದ ಬ್ಯಾಂಡ್‌ಸೆಟ್ಟಿನ ಮನೆತನ. ಮ್ಯಾಂಡೊಲಿನ್ ನುಡಿಸುವವನಿಗೆ ಮದ್ದೂರಿನಲ್ಲಿ ಟೈಲರ್ ಅಂಗಡಿ. ಢೋಲಕ್ಕಿನವನು ದುದ್ದದ ರೈತ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು. ಎದುರಿಗೆ ಮೈಕು ನಿಲ್ಲಿಸಿರುತ್ತಿದ್ದರು, ಅದರ ವೈರು ಎಲ್ಲಿಗೂ ಹೋಗಿರುತ್ತಿರಲಿಲ್ಲ. ಸ್ಪೀಕರುಗಳ ಅಬ್ಬರದಲ್ಲಿ ನಾನು ನುಡಿಸಿದ್ದು ನನ್ನ ಗಲ್ಲಕ್ಕೆ ತಾಗುವ ನಡುಕವಾಗಿ ಮಾತ್ರ ತಿಳಿಯುತ್ತಿತ್ತು. ಆ ದಿನಗಳ ಸುಸ್ತು ಬೇರೆಯದೇ ರೀತಿಯದು. ಭತ್ತದ ಗದ್ದೆಯಲ್ಲಿ ನಾಟಿ ಮಾಡಿ ಬಂದ ದಿನಗಳೂ ನನಗೆ ನೆನಪಿವೆ, ಆಗ ಊಟ ಮಾಡಿ ಮಲಗಿದರೆ ಮುಗಿಯುತ್ತಿತ್ತು. ಇದು ಬೆಳಿಗ್ಗೆ ಎದ್ದಾಗಲೂ ಮೈಮೇಲೇ ಇರುತ್ತಿತ್ತು. ಆದರೂ ಬಿಡಲಿಲ್ಲ. ಬಿಟ್ಟರೆ ನುಡಿಸಲು ಬೇರೆ ಜಾಗ ನಾಲ್ವರಿಗೂ ಇರಲಿಲ್ಲ.

ಮದ್ದೂರಿನ ಒಂದು ಚೌಟ್ರಿಯಲ್ಲಿ ಮದುವೆ. ಮುಹೂರ್ತ ಮುಗಿದಿತ್ತು. ಮಧ್ಯಾಹ್ನದ ಊಟದ ಪಂಕ್ತಿಗಳು ನಡೆಯುತ್ತಿದ್ದವು, ಗಂಡು ಹೆಣ್ಣು ಸ್ಟೇಜಿನ ಒಂದು ಬದಿಯಲ್ಲಿ ನಿಂತು ಉಡುಗೊರೆ ತೆಗೆದುಕೊಳ್ಳುತ್ತಿದ್ದರು, ಇನ್ನೊಂದು ಬದಿಯಲ್ಲಿ ನಾವು. ಹಾಡಿನ ನಡುವೆ ಕರೆಂಟು ಹೋಯಿತು. ಸ್ಪೀಕರುಗಳು ನಿಂತವು, ಯಜಮಾನರು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ನಿಲ್ಲಿಸಿದರು, ಹಾಡುತ್ತಿದ್ದ ಹುಡುಗಿ ಸತ್ತ ಮೈಕನ್ನು ಬಾಯಿಂದ ದೂರ ಹಿಡಿದು ಸುಮ್ಮನಾದಳು. ಹೊರಗೆ ಜನರೇಟರ್ ಹತ್ತಲಿಲ್ಲ. ಹಾಲಿನಲ್ಲಿ ಬಡಿಸುವವರ ಬಕೆಟ್ಟಿನ ಸದ್ದು ಕೇಳಿಸತೊಡಗಿತು. ನನ್ನ ಕೈ ಅಭ್ಯಾಸದಿಂದ ಕಮಾನು ಎಳೆಯುತ್ತಲೇ ಇತ್ತು.

ಆಗ ನನಗೆ ಕ್ಲಾರಿನೆಟ್ ಕೇಳಿಸಿತು. ಅವರು ನುಡಿಸುತ್ತಿದ್ದದ್ದು ಆ ಹಾಡನ್ನೇ ಅಲ್ಲ. ಬೇರೆ ಏನೋ, ನಿಧಾನದ್ದು, ಸೋಬಾನೆ ಪದದ ಧಾಟಿಯ ಹಾಗಿದ್ದರೂ ಅದಲ್ಲ. ಮ್ಯಾಂಡೊಲಿನ್ನಿನವನು ಅದರ ಜೊತೆಗೇ ಹೋಗುತ್ತಿದ್ದ. ಢೋಲಕ್ಕಿನವನು ಆ ನಡೆಗೆ ತಕ್ಕ ಹಾಗೆ ಬೆರಳಾಡಿಸುತ್ತಿದ್ದ. ಮೈಕಿಲ್ಲದ ಅಷ್ಟೂ ತಿಂಗಳು ಮೂವರೂ ಒಬ್ಬರ ಬೆರಳು ಒಬ್ಬರು ನೋಡಿಕೊಂಡು, ಬೇರೆ ಯಾರಿಗೂ ಕೇಳಿಸದಂತೆ ತಮ್ಮದೇ ಒಂದನ್ನು ನುಡಿಸಿಕೊಂಡು ಕೂತಿದ್ದರು. ಸಂಬಳಕ್ಕೆ ಮೋಸ ಮಾಡಬಾರದೆಂದು ನಾನೊಬ್ಬಳು ಮಾತ್ರ ಕೊನೆಯವರೆಗೂ ಹಾಡನ್ನೇ ನುಡಿಸುತ್ತಿದ್ದೆ.

ಅವರು ಹಿಡಿದ ಸ್ವರ ಹುಡುಕಿ ನಾನೂ ಸೇರಿಕೊಂಡೆ. ಕ್ಲಾರಿನೆಟ್ಟಿನವರು ಕಣ್ಣು ತೆರೆದು ನನ್ನ ಕಡೆ ನೋಡಿದರು, ನಿಲ್ಲಿಸಲಿಲ್ಲ. ಎಲೆಯ ಮುಂದೆ ಕೂತಿದ್ದ ಕೆಲವರು ತಿರುಗಿದರು. ಮದುಮಗಳ ಕಡೆಯ ಒಬ್ಬ ಹೆಂಗಸು ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತರು. ಮೆಚ್ಚಿ ಬಂದರೋ, ಫ್ಯಾನ್ ನಿಂತು ಸೆಕೆಯಾಗಿ ಬಾಗಿಲ ಗಾಳಿಗೆ ಬಂದರೋ ತಿಳಿಯದು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಟ್ರ್ಯಾಕ್ ನಿಂತ ಕಡೆಯಿಂದಲೇ ಸಿಡಿದು ಶುರುವಾಗಿ, ಎಲ್ಲರೂ ಬೆಚ್ಚಿಬಿದ್ದರು.

ಕೊನೆಯ ಪಂಕ್ತಿಯಲ್ಲಿ ನಾಲ್ವರೂ ಸಾಲಾಗಿ ಊಟಕ್ಕೆ ಕೂತೆವು. ನನಗೆ ಸಿಟ್ಟು ಬಂದಿತ್ತು. "ನಂಗೂ ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ನೀವು ಬಲೇ ಸಿಸ್ತು ಕಣಕ್ಕ, ಯಜಮಾನ್ರಿಗೆ ಹೇಳ್ಬುಟ್ರೆ ಅಂತ" ಎಂದ ಢೋಲಕ್ಕಿನವನು.

"ಅದ್ಯಾವ ಹಾಡು?"

"ಹಾಡಲ್ಲ ಕಣಮ್ಮ" ಎಂದರು ಕ್ಲಾರಿನೆಟ್ಟಿನವರು, ಅನ್ನಕ್ಕೆ ಸಾರು ಕಲೆಸುತ್ತ. "ಸುಮ್ನೆ ಕೂರಕಾಯ್ತಿರಲಿಲ್ಲ. ಊದ್ತಾ ಊದ್ತಾ ಅದೇ ಬಂತು."

ಮ್ಯಾಂಡೊಲಿನ್ನಿನವನು ಎಲೆ ಮಡಿಸಿ ಏಳುವ ಮುಂಚೆ ಹೇಳಿದ, "ಅಕ್ಕ, ಬಾನುವಾರ ನಮ್ಮನೇಗೆ ಬನ್ನಿ. ಅಂಗ್ಡಿ ಮುಚ್ಚಿರ್ತೀನಿ."

ನಮ್ಮ ಗುಂಪು ಹುಟ್ಟಿದ್ದು ಹೀಗೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಟೈಲರ್ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಎರಡು ಹೊಲಿಗೆ ಮಿಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ನೇತು ಹಾಕಿದ ರವಿಕೆಗಳು. ನಾನು ಭಾನುವಾರ ಬೆಳಿಗ್ಗೆ ಎದ್ದು ಮನೆಯ ಕೆಲಸವೆಲ್ಲ ಮುಗಿಸಿ, ಸಾರು ಮಾಡಿಟ್ಟು, ಮಧ್ಯಾಹ್ನದ ರೈಲೋ ಬಸ್ಸೋ ಹಿಡಿದು ಮದ್ದೂರಿಗೆ ಹೋಗುತ್ತಿದ್ದೆ. ಮಳವಳ್ಳಿಯಿಂದ ಕ್ಲಾರಿನೆಟ್ಟಿನವರು ಬರುತ್ತಿದ್ದರು. ದುದ್ದದವನು ಮಂಡ್ಯದಲ್ಲಿ ಬಸ್ಸು ಬದಲಿಸಿ, ಒಮ್ಮೊಮ್ಮೆ ಕಾಲಿಗೆ ಅಂಟಿದ ಗದ್ದೆಯ ಕೆಸರಿನ ಸಮೇತ ಬರುತ್ತಿದ್ದ. ಎಲ್ಲರೂ ಬಂದು ಸೇರುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಟೈಲರನ ಹೆಂಡತಿ ಚೊಂಬಿನಲ್ಲಿ ನೀರು ತಂದಿಟ್ಟು, ನಮ್ಮ ಮುಖ ನೋಡಿ, "ಇವತ್ತು ಬಾರ್ಸೀರೋ, ಮನೀಕತೀರೋ?" ಎಂದು ಕೇಳುತ್ತಿದ್ದಳು.

ಮೊದಲ ಕೆಲವು ವಾರ ನಮ್ಮದು ಸಂಗೀತವೇ ಆಗಿರಲಿಲ್ಲ. ಕ್ಲಾರಿನೆಟ್ಟಿನವರು ಬೀದಿಯಲ್ಲಿ ಮೆರವಣಿಗೆಯ ಮುಂದೆ ಊದಿ ಬೆಳೆದವರು. ಆ ಸಣ್ಣ ಕೋಣೆಯಲ್ಲಿ ಅವರು ಉಸಿರು ಬಿಟ್ಟರೆ ನನ್ನ ಪಿಟೀಲು ನನಗೇ ಕೇಳಿಸುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ನೋಡಿದರು, ಆಗಲಿಲ್ಲ. ಕೊನೆಗೆ ಅಡುಗೆಮನೆಗೆ ಹೋಗಿ, ಒಲೆಕಟ್ಟೆಯ ಪಕ್ಕ ಕೂತು ನುಡಿಸಿದರು. ಅಲ್ಲಿಂದ ಸರಿಯಾಗಿ ಕೇಳಿಸಿತು. ಎಷ್ಟೋ ಭಾನುವಾರ ಹಾಗೇ ನಡೆಯಿತು. ನಾವು ಮೂವರು ಮುಂದಿನ ಕೋಣೆಯಲ್ಲಿ, ಅವರು ಅಡುಗೆಮನೆಯಲ್ಲಿ, ಅವರ ಪಕ್ಕದಲ್ಲಿ ಟೈಲರನ ಹೆಂಡತಿ ಸೊಪ್ಪು ಬಿಡಿಸುತ್ತ. ದುದ್ದದವನು ಢೋಲಕ್ಕಿಗೆ ಟವಲ್ ಸುತ್ತಿ ಬೆರಳ ತುದಿಯಲ್ಲಿ ಬಾರಿಸುವುದನ್ನು ಕಲಿತ. ತಿಂಗಳುಗಳು ಕಳೆದ ಮೇಲೆ ಕ್ಲಾರಿನೆಟ್ಟು ಅಡುಗೆಮನೆಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ನಮ್ಮ ಮೇಜಿನ ಪಕ್ಕಕ್ಕೆ ಬಂತು. ಅಷ್ಟು ಹೊತ್ತಿಗೆ ಯಜಮಾನರು ನಾಲ್ವರನ್ನೂ ಕೈಬಿಟ್ಟಾಗಿತ್ತು. ಅವರು ಈಗ ಇಬ್ಬರು ಹಾಡುವವರನ್ನು ಕಾರಿನಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪ್ ಹಿಡಿದು ಹೋಗುತ್ತಿದ್ದರು.

ನಮಗೆ ಸಿಕ್ಕ ಮೊದಲ ಕಾರ್ಯಕ್ರಮ ನನ್ನ ತವರಿನದು, ಕೆರಗೋಡಿನಲ್ಲಿ ದೊಡ್ಡಪ್ಪನ ಮಗನ ಹೊಸ ಮನೆಯ ಗೃಹಪ್ರವೇಶ. ಅಣ್ಣ ಒಪ್ಪುವ ಮುಂಚೆ ಕೇಳಿದ, "ಯಾರು ಹಾಡೋರು?"

"ಯಾರೂ ಹಾಡಲ್ಲಣ್ಣ."

"ಮತ್ತೆ?"

"ಬಾರಿಸ್ತೀವಿ."

"ಬರೀ ಬಾರ್ಸದಾ? ಮಾತೇ ಇಲ್ದೆ?"

ಆದರೂ ತಂಗಿ ಎಂದು ಒಪ್ಪಿದ. ಹಾಲಿನ ಮೂಲೆಯಲ್ಲಿ ಚಾಪೆ ಹಾಕಿಸಿ ಕೂರಿಸಿದ. ನಾವು ಆ ಮದ್ದೂರಿನ ಮದುವೆಯಲ್ಲಿ ಸಿಕ್ಕ ನಿಧಾನದ ಧಾಟಿಯನ್ನೇ ಬೆಳೆಸಿ ಬೆಳೆಸಿ ಒಂದು ರೂಪಕ್ಕೆ ತಂದಿದ್ದೆವು. ಅದರಿಂದ ಶುರು ಮಾಡಿದೆವು. ಜನ ನಮ್ಮ ಕಾಲು ದಾಟಿಕೊಂಡು ಮನೆ ನೋಡಲು ಓಡಾಡಿದರು. ಅಡುಗೆಯವರು ಒಳಗೆ ಗ್ರೈಂಡರ್ ಹಾಕಿದರು. ಒಬ್ಬರು ಬಂದು, "ಟೆಸ್ಟಿಂಗ್ ಮುಗೀತಾ? ಸುರು ಮಾಡಿ ಮತ್ತೆ" ಎಂದರು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಯಾರೋ ಮೊಬೈಲಿಗೆ ಸ್ಪೀಕರ್ ಜೋಡಿಸಿ ಹಾಡು ಹಾಕಿದರು. ನಾವು ನಿಲ್ಲಿಸಿದ್ದು ಮನೆಯವರಿಗೂ ತಿಳಿಯಲಿಲ್ಲ.

ಊಟದ ಹೊತ್ತಿಗೆ ಕ್ಲಾರಿನೆಟ್ಟಿನವರು ತೊಳೆದ ಕೈ ಪಂಚೆಗೆ ಒರೆಸಿಕೊಳ್ಳುತ್ತ, "ಇನ್ನು ಸಾಕು ಕಣಮ್ಮ, ನಂಗೂ ವಯಸ್ಸಾಯ್ತು" ಎಂದರು. ನನಗೂ ಹಾಗೇ ಅನ್ನಿಸಿತ್ತು. ನನ್ನ ಊರಿನಲ್ಲಿ, ನನ್ನವರ ನಡುವೆ ಹಾಗಾದದ್ದಕ್ಕೆ ಅಳು ಬರುವಂತಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಹುಡುಕಿಕೊಂಡು ಬಂದರು. ಅಣ್ಣನ ಹೆಂಡತಿಯ ಸ್ನೇಹಿತೆ, ಮಳವಳ್ಳಿಯವರು, ನರ್ಸ್ ಕೆಲಸದಲ್ಲಿದ್ದರು. ನಾವು ನುಡಿಸುವಾಗ ಮೆಟ್ಟಿಲ ಮೇಲೆ ಕೂತು ಕೇಳಿದರಂತೆ.

"ನಮ್ಮಮ್ಮಂಗೆ ಸ್ಟ್ರೋಕ್ ಆಗಿದೆ. ಟೀವಿ ಸದ್ದು, ರೇಡಿಯೋ ಸದ್ದು ಯಾವುದೂ ಆಗಲ್ಲ ಅವರಿಗೆ, ಸಿಟ್ಟು ಮಾಡ್ತಾರೆ. ನೀವು ನುಡಿಸಿದ್ದು ಆಗಬಹುದೇನೋ. ಒಂದ್ಸಲ ಬರ್ತೀರಾ?"

ಹೋದೆವು. ಬೆಳಕವಾಡಿಯ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಮನೆ. ಆ ತಾಯಿ ಹೈಸ್ಕೂಲಿನ ಹೆಡ್‌ಮೇಡಂ ಆಗಿ ನಿವೃತ್ತರಾದವರು. ಎಡಗೈ, ಎಡಗಾಲು ಬಿದ್ದುಹೋಗಿದ್ದವು, ಮಾತು ಎರಡು ಮೂರು ಪದಕ್ಕೆ ಇಳಿದಿತ್ತು. ಆದರೆ ನೋಟ ಮಾತ್ರ ತರಗತಿಯ ಬಾಗಿಲಲ್ಲಿ ನಿಂತವರದೇ. ನಾವು ಮಂಚದ ಎದುರು ಸಾಲಾಗಿ ಕೂತು ಶುರು ಮಾಡಿದ ಕೂಡಲೇ ಬಲಗೈ ಎತ್ತಿದರು.

"ಇನ್ನೂ ಮೆಲ್ಲಗೆ."

ಮೆಲ್ಲಗೆ ನುಡಿಸಿದೆವು. ಮತ್ತೆ ಕೈ ಎತ್ತಿದರು. "ಇನ್ನೂ."

ನಾವು ಅಷ್ಟು ತಿಂಗಳು ಕಲಿತಿದ್ದೇವೆ ಅಂದುಕೊಂಡದ್ದು ಸಾಲದಾಯಿತು. ಮಗಳು ಹಿತ್ತಲಿನ ತಂತಿಯಿಂದ ಬಟ್ಟೆಗೆ ಹಾಕುವ ಮರದ ಕ್ಲಿಪ್ಪು ತಂದುಕೊಟ್ಟರು. ನಾನು ಅದನ್ನು ಪಿಟೀಲಿನ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಗೆ ಕಚ್ಚಿಸಿ ಸದ್ದು ತಗ್ಗಿಸಿದೆ. ಢೋಲಕ್ಕಿನವನು ಢೋಲಕ್ ಪಕ್ಕಕ್ಕಿಟ್ಟು ತನ್ನ ತೊಡೆಯ ಮೇಲೆ ತಟ್ಟಿದ. ಕ್ಲಾರಿನೆಟ್ಟಿನವರ ಹಣೆಯಲ್ಲಿ ಬೆವರು ಬಂತು. ಜೋರಾಗಿ ಊದುವುದಕ್ಕಿಂತ ಮೆಲ್ಲಗೆ ಊದುವುದಕ್ಕೆ ಉಸಿರಿನ ಮೇಲೆ ಹೆಚ್ಚು ಹಿಡಿತ ಬೇಕು. ಹೊರಗೆ ಒಂದು ಬಸ್ಸು ಹೋದರೆ ನಾವು ಪೂರ್ತಿ ಮುಳುಗಿಹೋಗಿ, ಬಸ್ಸು ದೂರವಾದ ಮೇಲೆ ಮತ್ತೆ ಕೇಳಿಸುತ್ತಿದ್ದೆವು. ಹೆಡ್‌ಮೇಡಂ ಕೈ ಇಳಿಸಿ ಕಣ್ಣು ಮುಚ್ಚಿಕೊಂಡರು. ಮುಗಿದಾಗ ನಿದ್ದೆ ಹೋಗಿದ್ದಾರೆ ಎಂದುಕೊಂಡೆವು. ಕಣ್ಣು ಮುಚ್ಚಿಕೊಂಡೇ, "ಮತ್ತೆ ಬನ್ನಿ" ಎಂದರು.

ಆಮೇಲೆ ಅವರು ಕರೆದಾಗಲೆಲ್ಲ ಹೋದೆವು. ಒಮ್ಮೊಮ್ಮೆ ಬೈಯುತ್ತಿದ್ದರು. ಟೈಲರನಿಗೆ "ಅವಸರ" ಎನ್ನುತ್ತಿದ್ದರು, ನನಗೆ "ಅಳಬೇಡ" ಎನ್ನುತ್ತಿದ್ದರು, ಅಂದರೆ ಕಮಾನನ್ನು ಅಳುವ ಹಾಗೆ ಎಳೆಯಬೇಡ ಎಂದು. ಹುಷಾರಾದರೆಂದೇನೂ ಅಲ್ಲ. ಆದರೆ ನಾವು ನುಡಿಸುವಷ್ಟು ಹೊತ್ತು ಯಾರೂ ಅವರ ಕೈ ಹಿಡಿದು ವ್ಯಾಯಾಮ ಮಾಡಿಸುತ್ತಿರಲಿಲ್ಲ, ಮಾತ್ರೆ ನುಂಗಿಸುತ್ತಿರಲಿಲ್ಲ. ಅಷ್ಟು ಅವರಿಗೆ ಸಾಕಾಗಿತ್ತೇನೋ. ನಮಗಂತೂ ಜೀವನದಲ್ಲಿ ಮೊದಲ ಸಲ ಒಬ್ಬರು ಶುರುವಿನಿಂದ ಕೊನೆಯ ತನಕ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಮಗಳು ಫೋನ್ ಮಾಡಿ, ಅಮ್ಮ ಹೋದರು ಎಂದರು. ತಿಥಿಯ ದಿನ ಬಂದು ನುಡಿಸಬೇಕೆಂದು ಕೇಳಿಕೊಂಡರು. ಇಲ್ಲ ಎನ್ನಲು ಯಾರಿಗೂ ಮನಸ್ಸಾಗಲಿಲ್ಲ. ಶಾಮಿಯಾನದ ಕೆಳಗೆ, ಫೋಟೋದ ಮುಂದೆ, ಅವರಿಗೆ ನುಡಿಸುತ್ತಿದ್ದಷ್ಟೇ ಮೆಲ್ಲಗೆ ನುಡಿಸಿದೆವು. ಬಂದ ಜನ ಮಾತು ನಿಲ್ಲಿಸಿ ಕೂತರು. ಯಾರೂ ಹಾಡುವವರೆಲ್ಲಿ ಎಂದು ಕೇಳಲಿಲ್ಲ.

ಅಲ್ಲಿಂದ ನಮಗೆ ಕರೆ ಬರತೊಡಗಿತು. ಮದುವೆಗೆ ಬೇಡವಾದವರು, ಗೃಹಪ್ರವೇಶಕ್ಕೆ ಬೇಡವಾದವರು ತಿಥಿಗೆ ಬೇಕಾದೆವು. ಮಳವಳ್ಳಿಯಲ್ಲಿ ಒಂದು, ಮಂಡ್ಯದಲ್ಲಿ ಒಂದು, ಮದ್ದೂರಿನ ಹತ್ತಿರದ ಹಳ್ಳಿಗಳಲ್ಲಿ ಕೆಲವು. ಜನ ಮರ್ಯಾದೆಯಿಂದ ಕಂಡರು, ಊಟ ಹಾಕಿದರು, ಕಣ್ಣೊರೆಸಿಕೊಂಡರು. ನನ್ನ ಮಟ್ಟಿಗೆ ಅದು ಒಳ್ಳೆಯ ಕೆಲಸವೇ ಅನ್ನಿಸಿತ್ತು. ಟೈಲರನಿಗೂ ಹಾಗೇ ಅನ್ನಿಸಿತ್ತು. ಕ್ಲಾರಿನೆಟ್ಟಿನವರು ಮಾತ್ರ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದರು. ಒಂದು ಭಾನುವಾರ ಟೈಲರ್ ಅಂಗಡಿಯಲ್ಲಿ, ಇನ್ನೊಂದು ಮನೆಯಿಂದ ಕರೆ ಬಂದಿದೆ ಎಂದು ನಾನು ಹೇಳುತ್ತಿದ್ದಾಗ, ಕ್ಲಾರಿನೆಟ್ಟಿನ ತುಂಡುಗಳನ್ನು ಒಂದೊಂದಾಗಿ ಬಿಚ್ಚಿ ಪೆಟ್ಟಿಗೆಗೆ ಹಾಕತೊಡಗಿದರು.

"ನಾನು ಬರಕಿಲ್ಲ."

"ಯಾಕಣ್ಣ?"

"ನಮ್ಮಪ್ಪ ಹೆಣದ ಮುಂದೆ ಊದಿ ಊದೀನೇ ಸತ್ತೋದ. ಯಾರ ಮನೇಲಿ ಸಾವಾದ್ರೂ ರಾತ್ರಿ ಹಗಲು ಅನ್ದೆ ಬಂದು ಬಾಗ್ಲು ತಟ್ಟೋರು. ಮದ್ವೆಗೆ ಮಾತ್ರ ಬ್ಯಾರೆಯೋರು. ನಾವು ಎದುರಿಗೆ ಬಂದ್ರೆ ಪಕ್ಕಕ್ಕೆ ಹೋಗೋರು. ಅದು ತಪ್ಪಲಿ ಅಂತ್ಲೇ ನಾನು ಆರ್ಕೆಸ್ಟ್ರಾ ಸೇರಿದ್ದು ಕಣಮ್ಮ. ಪ್ಯಾಂಟು ಕೋಟು ಹಾಕಿ ಕೂತಿದ್ದು."

"ಇದು ಹಂಗಲ್ಲ ಕಣಣ್ಣೋ, ಇವ್ರು ಕೂರ್ಸಿ ಕೇಳ್ತಾರೆ" ಎಂದ ಟೈಲರ್.

"ನಿಂಗೆ ಹಂಗಲ್ಲ ಕಣ್ಲಾ. ನೀನು ಅಂಗ್ಡಿ ಇಟ್ಟಿದ್ದೀಯೆ, ನಾಳೆ ರವಿಕೆ ಹೊಲೀತೀಯೆ. ಈಯಮ್ಮ ಗೌಡ್ರ ಮನೆ ಮಗ್ಳು, ಎಲ್ಲಿ ಕೂತ್ರೂ ಈಯಮ್ಮನೇಯ. ನಾನು ಅಲ್ಲಿ ಕೂತ್ರೆ ನಮ್ಮಪ್ಪ ಆಯ್ತೀನಿ."

ಅವರು ಪೆಟ್ಟಿಗೆ ಹಿಡಿದು ಹೊರಟುಹೋದರು. ಟೈಲರನ ಹೆಂಡತಿ ಅವರಿಗೆಂದು ತಂದ ಟೀಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮೂವರೇ ಕೆಲವು ಮನೆಗಳಿಗೆ ಹೋದೆವು. ಅವರ ಜಾಗವನ್ನು ನಾನು ಪಿಟೀಲಿನಲ್ಲಿ ತುಂಬಲು ನೋಡಿದೆ. ಕೇಳುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ನಮಗೆ ಪ್ರತಿ ಸಾಲಿನಲ್ಲೂ ಗೊತ್ತಾಗುತ್ತಿತ್ತು. ಅದೇ ಹೊತ್ತಿಗೆ ನನ್ನ ಎಡಭುಜ ಹಿಡಿದುಕೊಂಡಿತು. ಪಿಟೀಲು ಎತ್ತಿದರೆ ಕತ್ತಿನಿಂದ ಮೊಣಕೈವರೆಗೆ ನೋವು. ಗಂಡ ಎಣ್ಣೆ ಬಿಸಿ ಮಾಡಿ ಕೊಟ್ಟು, "ಯಾರಿಗೋಸ್ಕರ ಇದೆಲ್ಲ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳಿದರು. ನಾನು ಎಣ್ಣೆ ತಿಕ್ಕಿಕೊಂಡು ಮಲಗಿದೆ. ದುದ್ದದಲ್ಲಿ ಕಬ್ಬು ಕಡಿಯುವ ಕೆಲಸ ಶುರುವಾಗಿ ಢೋಲಕ್ಕಿನವನೂ ಬರುವುದು ನಿಂತಿತು. ಭಾನುವಾರಗಳು ಖಾಲಿಯಾದವು. ಮೊದಮೊದಲು ಹಾಯೆನಿಸಿತು. ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆ. ಎದ್ದರೆ ಮತ್ತೆ ಅದೇ ಹಳೆಯ ಸುಸ್ತು, ಮೈಕಿಲ್ಲದ ದಿನಗಳದ್ದು.

ಒಂದು ದಿನ ಟೈಲರ್ ಫೋನ್ ಮಾಡಿದ. "ಅಕ್ಕ, ಮಳವಳ್ಳಿಗೆ ಹೋಗಿ ನೋಡ್ಕ ಬರಾನ. ಹುಸಾರಿಲ್ವಂತೆ."

ಇಬ್ಬರೂ ಹೋದೆವು. ಅವರು ಮನೆಯ ಮುಂದಿನ ಜಗುಲಿಯ ಮೇಲೆ ಬಾಯಿಗೆ ಟವಲ್ ಅಡ್ಡ ಹಿಡಿದು ಕೂತಿದ್ದರು. ಟವಲ್ ತೆಗೆದಾಗ ನೋಡಿದೆ, ಮೇಲಿನ ಮುಂದಿನ ಹಲ್ಲುಗಳು ಇರಲಿಲ್ಲ. ಒಸಡು ಕೆಟ್ಟು, ಕೀಳಿಸಬೇಕಾಯಿತಂತೆ. ಕ್ಲಾರಿನೆಟ್ಟಿನ ತುದಿಯನ್ನು ಕಚ್ಚಿ ಹಿಡಿಯುವುದೇ ಆ ಹಲ್ಲುಗಳಿಂದ. ಅವರ ಕೆನ್ನೆ ಒಳಗೆ ಹೋಗಿತ್ತು, ಮಾತು ಗಾಳಿಯಾಗಿ ಬರುತ್ತಿತ್ತು.

"ಇನ್ನು ನಿಮ್ಗೆ ತೊಂದ್ರೆ ಇಲ್ಲ" ಎಂದರು. "ಕರೆದ್ರೂ ಬರಂಗಿಲ್ಲ ನಾನು."

ಬಸ್ಸಿನಲ್ಲಿ ಬರುವಾಗ ನಾವಿಬ್ಬರೂ ಏನನ್ನೂ ನಿರ್ಧರಿಸಿರಲಿಲ್ಲ. ಆದರೆ ನಾನು ಹೇಳಿಬಿಟ್ಟೆ, "ತಿಥಿ ಮನೆಗಳಿಗೆ ಇನ್ನು ಹೋಗಲ್ಲಣ್ಣ. ಯಾರು ಕರೆದರೂ ಇಲ್ಲ ಅಂತೀವಿ. ಹಲ್ಲು ಕಟ್ಟಿಸ್ಕೊಂಡು ಬನ್ನಿ."

"ಅದು ಬುಟ್ರೆ ನಿಮ್ಮನ್ನ ಯಾರು ಕರೀತಾರೆ?"

"ಯಾರೂ ಕರೆಯಲ್ಲ."

ಅವರು ಒಳಗೆ ಕೂಗಿ ನಮಗೆ ಮಜ್ಜಿಗೆ ತರಿಸಿದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಟೈಲರ್, "ಅಕ್ಕ, ಇದ್ದುದ್ದೊಂದು ಕೆಲ್ಸಾನೂ ಬುಟ್ಬುಟ್ರಲ್ಲ" ಎಂದ. ಸ್ವಲ್ಪ ದೂರ ಹೋದ ಮೇಲೆ ಅವನೇ, "ಬುಡಿ, ಒಳ್ಳೇದೇ ಆಯ್ತು" ಎಂದ.

ಅವರು ಬಂದದ್ದು ಮಳೆಗಾಲ ಕಳೆದ ಮೇಲೆ, ಹಲ್ಲಿನ ಸೆಟ್ ಹಾಕಿಸಿಕೊಂಡು. ಅಷ್ಟರಲ್ಲಿ ಕಬ್ಬಿನ ಕೆಲಸ ಮುಗಿಸಿ ದುದ್ದದವನೂ ಬರತೊಡಗಿದ್ದ. ಕಟ್ಟಿಸಿದ ಹಲ್ಲಿನಲ್ಲಿ ಮೊದಲಿನ ಹಿಡಿತ ಇರಲಿಲ್ಲ. ಮೇಲಿನ ಸ್ವರಕ್ಕೆ ಹೋದರೆ ಸೆಟ್ ಅಲ್ಲಾಡಿ ಸದ್ದು ಒಡೆಯುತ್ತಿತ್ತು. ಅವರು ಬಹಳ ಸಿಟ್ಟಾದರು. ಒಮ್ಮೆ ಸೆಟ್ ತೆಗೆದು ಟೈಲರನ ಮೇಜಿನ ಮೇಲೆ ಬಟ್ಟೆಗಳ ನಡುವೆ ಇಟ್ಟು, ಬರೀ ತುಟಿಯಲ್ಲಿ ಊದಿ ನೋಡಿದರು. ಗಾಳಿ ಮಾತ್ರ ಬಂತು. ದುದ್ದದವನು ನಗು ತಡೆಯಲಾರದೆ ಎದ್ದು ಹಿತ್ತಲಿಗೆ ಹೋದ. ಅವನು ನಕ್ಕದ್ದು ಕೇಳಿ ಕ್ಲಾರಿನೆಟ್ಟಿನವರೂ ನಕ್ಕರು. ಅಂದಿನಿಂದ ಎಲ್ಲವನ್ನೂ ಕೆಳಗಿನ ಸ್ವರಗಳಿಗೆ ಇಳಿಸಿಕೊಂಡೆವು. ನನ್ನ ಭುಜಕ್ಕೂ ಅದೇ ಹಿತವಾಯಿತು, ಕೈ ಅಷ್ಟು ಮೇಲೆ ಹೋಗಬೇಕಾಗಿರಲಿಲ್ಲ.

ತಿಥಿ ಮನೆಯವರಿಗೆ ಇಲ್ಲ ಎಂದು ಹೇಳುವುದು ಸುಲಭವಾಗಿರಲಿಲ್ಲ. ಫೋನಿನಲ್ಲಿ ಅಳುತ್ತಿರುವವರಿಗೆ ಏನು ಕಾರಣ ಕೊಡುವುದು? ಭುಜದ ನೋವು ಎಂದೆ. ಅದು ಸುಳ್ಳೂ ಆಗಿರಲಿಲ್ಲ. ನಿಧಾನವಾಗಿ ಕರೆಗಳು ನಿಂತವು. ಅಪರೂಪಕ್ಕೆ ಒಂದು ಶಾಲೆ, ಯಾರದ್ದೋ ನಿವೃತ್ತಿಯ ದಿನ, ಒಮ್ಮೆ ಮಂಡ್ಯದ ಒಂದು ಓದುಗರ ಕೂಟ. ಅಲ್ಲಿ ಹತ್ತಿಪ್ಪತ್ತು ಜನ ಸುಮ್ಮನೆ ಕೂತು ಕೇಳಿದರು. ಮುಗಿದ ಮೇಲೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಗೊತ್ತಾಗದೆ ಒಬ್ಬರನ್ನೊಬ್ಬರು ನೋಡಿದರು. ಅಷ್ಟೇ ನಮ್ಮ ಕೀರ್ತಿ.

ಮಿಕ್ಕಂತೆ ಭಾನುವಾರ ಟೈಲರ್ ಅಂಗಡಿ. ಹೋಗದಿರಲು ನೆಪ ಹುಡುಕುವ ಭಾನುವಾರಗಳೇ ಹೆಚ್ಚು. ಬಸ್ಸಿನಲ್ಲಿ ಸೀಟು ಸಿಗದೆ ನಿಂತಾಗ, ಪಿಟೀಲಿನ ಪೆಟ್ಟಿಗೆ ಯಾರದ್ದೋ ಮಂಡಿಗೆ ತಾಗಿ ಬೈಸಿಕೊಂಡಾಗ, ಮುಂದಿನ ವಾರ ಬರಬಾರದು ಎಂದುಕೊಳ್ಳುತ್ತೇನೆ. ಅಲ್ಲಿ ಹೋಗಿ ನೋಡಿದರೆ ಉಳಿದವರ ಮುಖದಲ್ಲೂ ಅದೇ. ಟೈಲರನಿಗೆ ಸಕ್ಕರೆ ಕಾಯಿಲೆ, ಬೆರಳ ತುದಿ ಜೋಮು ಹಿಡಿಯುತ್ತದೆ, ತಂತಿ ಮುಟ್ಟಿದ್ದು ಗೊತ್ತಾಗುವುದಿಲ್ಲ ಎನ್ನುತ್ತಾನೆ. ದುದ್ದದವನು ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಾನೆ.

ಈಚೆಗೆ ಕ್ಲಾರಿನೆಟ್ಟಿನವರಿಗೆ ಉಸಿರು ಸಾಲುವುದಿಲ್ಲ. ಒಂದು ಸಾಲು ಮುಗಿಯುವ ಮೊದಲೇ ನಿಲ್ಲಿಸಿ ಗಾಳಿ ಎಳೆದುಕೊಳ್ಳುತ್ತಾರೆ. ಮೊದಲು ಅವರು ನಿಂತಾಗ ನಾವು ಮುಂದೆ ಹೋಗಿಬಿಡುತ್ತಿದ್ದೆವು. ಅವರು ಓಡಿ ಬಂದು ಸೇರಬೇಕಾಗುತ್ತಿತ್ತು, ಸೇರುವಷ್ಟರಲ್ಲಿ ಮತ್ತೆ ಉಸಿರು ಮುಗಿಯುತ್ತಿತ್ತು. ಹೋದ ತಿಂಗಳು ಢೋಲಕ್ಕಿನವನು ಯಾರಿಗೂ ಹೇಳದೆ ಅವರ ಜೊತೆಗೇ ನಿಂತ. ಅವನು ನಿಂತದ್ದಕ್ಕೆ ನಾವೂ ನಿಂತೆವು. ಈಗ ಅವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲೆಲ್ಲ ನಾಲ್ವರೂ ನಿಲ್ಲುತ್ತೇವೆ. ಆ ನಿಲುಗಡೆ ಒಂದು ದಿನ ಇದ್ದ ಕಡೆ ಇನ್ನೊಂದು ದಿನ ಇರುವುದಿಲ್ಲ, ಹಾಗಾಗಿ ಅವರ ಎದೆಯನ್ನೇ ನೋಡಿಕೊಂಡು ನುಡಿಸಬೇಕು. ಹೀಗೆ ನಿಂತು ನಿಂತು ಹೋಗುವುದರಿಂದ ಎಲ್ಲವೂ ಮೊದಲಿಗಿಂತ ಉದ್ದವಾಗಿದೆ. ಅದರಿಂದಲೇ ಹೋದ ಭಾನುವಾರ ಅವರ ಮಳವಳ್ಳಿಯ ಬಸ್ಸು ತಪ್ಪಿತು. ಮುಂದಿನದಕ್ಕೆ ಸಮಯವಿತ್ತು. ಟೈಲರನ ಹೆಂಡತಿ ಉಪ್ಪಿಟ್ಟು ಮಾಡಿದಳು, ಕ್ಲಾರಿನೆಟ್ಟಿನವರು ಸೆಟ್ ತೆಗೆದಿಟ್ಟು ನಿಧಾನವಾಗಿ ತಿಂದರು, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ನಿದ್ದೆ ಮಾಡಿದೆ.